ಇಳಿಸುವುದು ಬೇರೆ, ಇಳಿದಲ್ಲಿ ನಿಲ್ಲುವುದು ಬೇರೆ: ಹದಿನಾಲ್ಕು ಸ್ಪರ್ಧಿಗಳ ಪ್ರಕರಣ

ತೂಕ ಇಳಿಸಿಕೊಂಡವರ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಪತ್ರಿಕೆಯ ಪುರವಣಿಯಲ್ಲಿ, ಮೊಬೈಲ್ ಪರದೆಯಲ್ಲಿ ಎಡಗಡೆ ಹಳೆಯ ಫೋಟೊ, ಬಲಗಡೆ ಹೊಸ ಫೋಟೊ. ಬಲಗಡೆಯ ಫೋಟೊ ತೆಗೆಸಿಕೊಂಡವರು ಆರು ವರ್ಷದ ನಂತರ ಹೇಗಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ. ಅವರನ್ನು ಮತ್ತೆ ಕರೆಸಿ, ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿ, ಬಿಡುವ ಉಸಿರನ್ನೂ ಅಳೆದು ಲೆಕ್ಕ ಬರೆದಿಟ್ಟ ಉದಾಹರಣೆಯಂತೂ ತೀರ ಅಪರೂಪ. ಅಮೆರಿಕದಲ್ಲಿ ಅಂಥದ್ದೊಂದು ಲೆಕ್ಕ ನಡೆದಿದೆ. ವ್ಯಾಯಾಮ ಮತ್ತು ತೂಕದ ಬಗ್ಗೆ ನಾವು ಕಣ್ಣುಮುಚ್ಚಿ ನಂಬಿಕೊಂಡು ಬಂದಿರುವ ಒಂದೆರಡು ಮಾತುಗಳನ್ನು ಅದು ಬುಡಮೇಲು ಮಾಡುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಎನ್‌ಬಿಸಿ ವಾಹಿನಿ 2004ರಲ್ಲಿ ಆರಂಭಿಸಿದ ‘ದಿ ಬಿಗ್ಗೆಸ್ಟ್ ಲೂಸರ್’ ಸ್ಪರ್ಧೆಯ ಸೂತ್ರ ಸರಳವಾಗಿತ್ತು. ವಿಪರೀತ ದಪ್ಪಗಿರುವವರನ್ನು ಕ್ಯಾಲಿಫೋರ್ನಿಯಾದ ಒಂದು ತೋಟದ ಮನೆಯಲ್ಲಿ ಇರಿಸುವುದು, ಉಣ್ಣುವುದನ್ನು ತಗ್ಗಿಸುವುದು, ಮೈ ಮುರಿಯುವಷ್ಟು ವ್ಯಾಯಾಮ ಮಾಡಿಸುವುದು, ವಾರಕ್ಕೊಮ್ಮೆ ಇಡೀ ದೇಶದ ಕಣ್ಣೆದುರು ತೂಕದ ಯಂತ್ರ ಹತ್ತಿಸುವುದು. ತಮ್ಮ ತೂಕದಲ್ಲಿ ಶೇಕಡಾವಾರು ಹೆಚ್ಚು ಕಳೆದುಕೊಂಡವರಿಗೆ ಎರಡೂವರೆ ಲಕ್ಷ ಡಾಲರ್ ಬಹುಮಾನ. 2007ರಲ್ಲಿ ಇದರ ಹಿಂದಿ ಅವತರಣಿಕೆಯೂ ಬಂದಿತ್ತು. ಮುಲ್ಕಿ ಮೂಲದ ನಟ ಸುನೀಲ್ ಶೆಟ್ಟಿ ಅದರ ನಿರೂಪಕರು.

ನಮ್ಮ ಪ್ರಕರಣ 2009ರ ಎಂಟನೇ ಆವೃತ್ತಿಯದು. ಸ್ಪರ್ಧಿಗಳು ಹದಿನಾರು ಮಂದಿ. ಗೆದ್ದವರು ಡ್ಯಾನಿ ಕೇಹಿಲ್, ಒಕ್ಲಹೋಮ ರಾಜ್ಯದ ಬ್ರೋಕನ್ ಆರೋ ಊರಿನ ಭೂಮಾಪಕರು, ಬಿಡುವಿನಲ್ಲಿ ಸಂಗೀತಗಾರರು. ಏಳು ತಿಂಗಳಲ್ಲಿ ಅವರು 430 ಪೌಂಡ್‌ನಿಂದ 191 ಪೌಂಡ್‌ಗೆ ಇಳಿದಿದ್ದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 195 ಕಿಲೊ ಇದ್ದವರು ಡಿಸೆಂಬರ್‌ನ ಅಂತಿಮ ಸುತ್ತಿನ ರಾತ್ರಿ 87 ಕಿಲೊಗೂ ತುಸು ಕಡಿಮೆ ತೂಗಿದರು. 108 ಕಿಲೊ ಹೋಗಿತ್ತು. ಆ ಕಾರ್ಯಕ್ರಮದಲ್ಲಿ ಅಲ್ಲಿಯವರೆಗೆ ಅಷ್ಟು ಇಳಿಸಿದವರು ಇರಲಿಲ್ಲ.

ಒಂದು ದಿನದ ಪಾಡು

ಸ್ಪರ್ಧಿಗಳು ಎಷ್ಟು ವ್ಯಾಯಾಮ ಮಾಡುತ್ತಿದ್ದರು ಎಂಬುದಕ್ಕೆ ಎರಡು ಲೆಕ್ಕಗಳಿವೆ. ಈ ಸ್ಪರ್ಧಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳ ಪ್ರಬಂಧದ ಪ್ರಕಾರ ವಾರಕ್ಕೆ ಆರು ದಿನ, ತರಬೇತುದಾರರ ಎದುರಿನಲ್ಲಿ ದಿನಕ್ಕೆ ಒಂದೂವರೆ ಗಂಟೆ. ಅದರ ಮೇಲೆ ತಾವಾಗಿ ಇನ್ನೂ ಮೂರು ಗಂಟೆಯವರೆಗೆ ಮಾಡಲು ಪ್ರೋತ್ಸಾಹ. ಸ್ಪರ್ಧಿಗಳ ಬಾಯಿಂದ ಬಂದ ಲೆಕ್ಕ ಇದಕ್ಕಿಂತ ದೊಡ್ಡದು: ದಿನಕ್ಕೆ ಏಳು ಗಂಟೆ. ಬಹುಮಾನ ಎದುರಿಗಿರುವಾಗ ‘ಪ್ರೋತ್ಸಾಹ’ ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಸ್ಪರ್ಧೆಯಿಂದ ಹೊರಬೀಳದವರಿಗೆ ಮೊದಲ ಹದಿಮೂರು ವಾರ ತೋಟದ ಮನೆಯಲ್ಲಿ ವಾಸ. ಅಲ್ಲಿಂದ ಮೂವತ್ತನೇ ವಾರದ ಅಂತಿಮ ಸುತ್ತಿನವರೆಗೆ ತಮ್ಮ ತಮ್ಮ ಮನೆಯಲ್ಲಿ. ಈ ಎರಡನೇ ಘಟ್ಟದಲ್ಲಿ ತಮ್ಮ ದಿನಚರಿ ಹೇಗಿತ್ತೆಂದು ಕೇಹಿಲ್ 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ವಿವರಿಸಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಟ್ರೆಡ್‌ಮಿಲ್ ಮೇಲೆ 45 ನಿಮಿಷ. ತಿಂಡಿಗೆ ಒಂದು ಇಡೀ ಮೊಟ್ಟೆ, ಇನ್ನೆರಡು ಮೊಟ್ಟೆಗಳ ಬಿಳಿ ಭಾಗ, ಚಕ್ಕೋತದ ಜಾತಿಯ ಹಣ್ಣಿನ ಅರ್ಧ, ಸುಟ್ಟ ಬ್ರೆಡ್. ಮತ್ತೆ ಟ್ರೆಡ್‌ಮಿಲ್, ಮತ್ತೆ 45 ನಿಮಿಷ. ಸ್ವಲ್ಪ ಸುಧಾರಿಸಿಕೊಂಡು ಒಂಬತ್ತು ಮೈಲಿ ದೂರದ ಜಿಮ್‌ಗೆ ಸೈಕಲ್ ಸವಾರಿ, ಅಲ್ಲಿ ಎರಡೂವರೆ ಗಂಟೆ ಕಸರತ್ತು, ಬಂದ ದಾರಿಯಲ್ಲೇ ಸೈಕಲ್ ತುಳಿದುಕೊಂಡು ವಾಪಸು. ಊಟಕ್ಕೆ ಚರ್ಮ ತೆಗೆದು ಸುಟ್ಟ ಕೋಳಿಯ ಎದೆ ಭಾಗ, ಒಂದು ಬಟ್ಟಲು ಬ್ರೊಕೊಲಿ, ಹತ್ತು ಕಡ್ಡಿ ಆಸ್ಪರಾಗಸ್. ಒಂದು ಗಂಟೆ ವಿಶ್ರಾಂತಿ, ಮತ್ತೆ ಜಿಮ್. ತಿಂದದ್ದಕ್ಕಿಂತ 3,500 ಕ್ಯಾಲೊರಿ ಹೆಚ್ಚು ಕರಗಿಸುವುದು ಆ ದಿನದ ಗುರಿ. ಲೆಕ್ಕ ಕೂಡದಿದ್ದರೆ ರಾತ್ರಿಯ ಊಟ ಮುಗಿಸಿ ಇನ್ನೊಮ್ಮೆ ಹೊರಡುತ್ತಿದ್ದರು. ಕೆಲವೊಮ್ಮೆ ಮಧ್ಯರಾತ್ರಿಯವರೆಗೂ ಕತ್ತಲಲ್ಲಿ ಮನೆಯ ಸುತ್ತಮುತ್ತ ಓಟ. ಇಷ್ಟಕ್ಕೆಲ್ಲ ಸಮಯ ಹೊಂದಿಸಲು ನೌಕರಿ ಬಿಟ್ಟಿದ್ದರು.

ಇದನ್ನು ಓದುವಾಗ ಬೆವರಿಗಿಂತ ಹೆಚ್ಚಾಗಿ ನನ್ನ ಕಣ್ಣಿಗೆ ಬೀಳುವುದು ಆ ಕೊನೆಯ ವಾಕ್ಯ. ನೌಕರಿ ಬಿಟ್ಟರೆ ಮಾತ್ರ ಸಾಧ್ಯವಾಗುವ ದಿನಚರಿ ನೌಕರಿಗೆ ಮರಳಿದ ದಿನವೇ ಮುಗಿಯಬೇಕಲ್ಲವೇ? ಕಾರ್ಯಕ್ರಮದ ನಿರ್ಮಾಪಕರಿಗೆ ಈ ಪ್ರಶ್ನೆ ಬೇಕಿರಲಿಲ್ಲ. ಅವರ ಕಥೆ ಡಿಸೆಂಬರ್‌ಗೆ ಮುಗಿಯುತ್ತಿತ್ತು.

ಮುಗಿದ ಮೇಲೂ ನೋಡುತ್ತಿದ್ದವರು

ಕಥೆಯನ್ನು ಮುಂದುವರಿಸಿದವರು ಕೆವಿನ್ ಹಾಲ್. ಓದಿದ್ದು ಭೌತಶಾಸ್ತ್ರ, 2025ರವರೆಗೆ ಕೆಲಸ ಮಾಡಿದ್ದು ವಾಷಿಂಗ್ಟನ್ ಸಮೀಪದ ಬೆಥೆಸ್ಡಾದಲ್ಲಿರುವ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ದೇಹಕ್ಕೆ ಬರುವ ಮತ್ತು ದೇಹದಿಂದ ಹೋಗುವ ಶಕ್ತಿಯ ಜಮಾಖರ್ಚನ್ನು ಸಮೀಕರಣದಲ್ಲಿ ಹಿಡಿಯುವುದು ಅವರ ಆಸಕ್ತಿ. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ತೂಕ ಇಳಿಯುವುದನ್ನು ಪ್ರಯೋಗಾಲಯದಲ್ಲಿ ಮಾಡಿಸಲು ಯಾವ ನೈತಿಕ ಸಮಿತಿಯೂ ಸುಲಭವಾಗಿ ಒಪ್ಪುವುದಿಲ್ಲ. ಟಿವಿಯವರು ತಾವಾಗಿಯೇ ಮಾಡಿಸುತ್ತಿದ್ದರು. ಹಾಲ್ ಮತ್ತು ಸಂಗಡಿಗರು ಸ್ಪರ್ಧೆಯ ವೈದ್ಯರಾಗಿದ್ದ ರಾಬರ್ಟ್ ಹೈಜೆಂಗಾ ಅವರೊಡನೆ ಸೇರಿ ಆರಂಭದಲ್ಲಿ, ಆರನೇ ವಾರದಲ್ಲಿ, ಮೂವತ್ತನೇ ವಾರದಲ್ಲಿ ಸ್ಪರ್ಧಿಗಳ ಅಳತೆ ತೆಗೆದುಕೊಂಡರು. ಆರು ವರ್ಷದ ನಂತರ ಮತ್ತೆ ಕರೆದಾಗ ಹದಿನಾರರಲ್ಲಿ ಹದಿನಾಲ್ಕು ಮಂದಿ ಬಂದರು: ಆರು ಗಂಡಸರು, ಎಂಟು ಹೆಂಗಸರು.

ಅಳತೆ ಹೇಗೆ ನಡೆಯಿತು ಎಂಬುದನ್ನು ತಿಳಿದುಕೊಂಡರೆ ಮುಂದಿನ ಅಂಕಿಗಳ ಮೇಲೆ ಎಷ್ಟು ಭರವಸೆ ಇಡಬಹುದೆಂದು ಗೊತ್ತಾಗುತ್ತದೆ. ಹಿಂದಿನ ರಾತ್ರಿಯಿಂದ ಹನ್ನೆರಡು ಗಂಟೆ ಉಪವಾಸ. ಬೆಳಿಗ್ಗೆ ಅಂಗಾತ ಮಲಗಬೇಕು, ಅಲುಗಾಡಬಾರದು, ನಿದ್ದೆಯನ್ನೂ ಮಾಡಬಾರದು. ತಲೆಯ ಮೇಲೆ ಪಾರದರ್ಶಕ ಗೂಡೊಂದನ್ನು ಹೊದಿಸಿ, ಒಳಗೆ ಹೋಗುವ ಆಮ್ಲಜನಕ ಎಷ್ಟು, ಹೊರಗೆ ಬರುವ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಯಂತ್ರ ಅಳೆಯುತ್ತದೆ. ಸುಮ್ಮನೆ ಬಿದ್ದುಕೊಂಡಿರುವ ದೇಹ ಉಸಿರಾಡಲು, ಹೃದಯ ಬಡಿಸಲು, ಮೈ ಬೆಚ್ಚಗಿಡಲು ದಿನಕ್ಕೆ ಎಷ್ಟು ಕ್ಯಾಲೊರಿ ಉರಿಸುತ್ತದೆ ಎಂಬುದು ಇದರಿಂದ ಸಿಗುತ್ತದೆ. ಎಕ್ಸ್-ರೇ ಸ್ಕ್ಯಾನ್ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂದು ಬೇರ್ಪಡಿಸಿ ಹೇಳುತ್ತದೆ. ದಿನವಿಡೀ ಓಡಾಡಿದ್ದರ ಲೆಕ್ಕಕ್ಕೆ ಇನ್ನೊಂದು ಉಪಾಯವಿದೆ: ಭಾರವಾದ ಹೈಡ್ರೋಜನ್ ಮತ್ತು ಭಾರವಾದ ಆಮ್ಲಜನಕ ಬೆರೆಸಿದ ನೀರು ಕುಡಿಸಿ, ಮುಂದಿನ ದಿನಗಳ ಮೂತ್ರದಲ್ಲಿ ಅವೆರಡೂ ಯಾವ ವೇಗದಲ್ಲಿ ಖಾಲಿಯಾಗುತ್ತವೆ ಎಂದು ನೋಡುವುದು. ಹೈಡ್ರೋಜನ್ ನೀರಾಗಿ ಮಾತ್ರ ಹೊರಹೋಗುತ್ತದೆ, ಆಮ್ಲಜನಕ ಉಸಿರಿನ ದಾರಿಯಲ್ಲೂ ಹೋಗುತ್ತದೆ. ಎರಡರ ನಡುವಿನ ಅಂತರವೇ ದೇಹ ಉರಿಸಿದ್ದರ ಲೆಕ್ಕ. ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯುತ್ತೇನೆ’ ಎಂಬ ಬಾಯಿಮಾತನ್ನು ನಂಬಿ ಬರೆದ ಅಧ್ಯಯನ ಇದಲ್ಲ.

ಫಲಿತಾಂಶ 2016ರ ಮೇ ತಿಂಗಳಲ್ಲಿ ‘ಒಬೆಸಿಟಿ’ ಎಂಬ ವಿಜ್ಞಾನಪತ್ರಿಕೆಯಲ್ಲಿ ಹೊರಬಂತು. ಹದಿನಾಲ್ವರ ಸರಾಸರಿ ತೂಕ ಆರಂಭದಲ್ಲಿ 148.9 ಕಿಲೊ, ಮೂವತ್ತು ವಾರದ ಕೊನೆಗೆ 90.6, ಆರು ವರ್ಷದ ಮೇಲೆ 131.6. ಇಳಿದ 58 ಕಿಲೊದಲ್ಲಿ 41 ಮರಳಿ ಬಂದಿತ್ತು. ಒಬ್ಬರನ್ನು ಬಿಟ್ಟು ಎಲ್ಲರ ತೂಕವೂ ಏರಿತ್ತು. ನಾಲ್ವರು ಸ್ಪರ್ಧೆಗೆ ಬರುವ ಮೊದಲಿಗಿಂತಲೂ ದಪ್ಪಗಾಗಿದ್ದರು. ಕೇಹಿಲ್ ಆಗ 295 ಪೌಂಡ್, ಅಂದರೆ ಸುಮಾರು 134 ಕಿಲೊ.

ಇಷ್ಟೇ ಆಗಿದ್ದರೆ ಸುದ್ದಿಯಾಗುತ್ತಿರಲಿಲ್ಲ; ಇಳಿದ ತೂಕ ಮರಳುವುದು ಹಳೆಯ ಕಥೆ. ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಉಸಿರಿನ ಯಂತ್ರ. ಸುಮ್ಮನೆ ಮಲಗಿದ ದೇಹ ಆರಂಭದಲ್ಲಿ ದಿನಕ್ಕೆ ಸರಾಸರಿ 2,607 ಕ್ಯಾಲೊರಿ ಉರಿಸುತ್ತಿತ್ತು. ಸ್ಪರ್ಧೆ ಮುಗಿದಾಗ 1,996. ದೇಹ ಚಿಕ್ಕದಾದರೆ ಖರ್ಚು ತಗ್ಗುವುದು ಸಹಜ. ಆದರೆ ಅಷ್ಟು ಗಾತ್ರದ, ಅಷ್ಟೇ ವಯಸ್ಸಿನ ಬೇರೊಬ್ಬರ ದೇಹ ಉರಿಸಬೇಕಾದದ್ದಕ್ಕಿಂತಲೂ ಅದು 275 ಕ್ಯಾಲೊರಿ ಕಡಿಮೆಯಿತ್ತು. ತೂಕ ಮರಳಿದಂತೆ ಈ ಕೊರತೆಯೂ ತುಂಬಿಕೊಳ್ಳುತ್ತದೆ ಎಂದು ನಿರೀಕ್ಷಿಸಿದ್ದರು. ಆಗಿದ್ದು ಅದರ ವಿರುದ್ಧ. ಆರು ವರ್ಷದ ಮೇಲೆ, 41 ಕಿಲೊ ಮರಳಿ ಬಂದಿದ್ದರೂ, ಮಲಗಿದ ದೇಹದ ಖರ್ಚು 1,903ಕ್ಕೆ ಇಳಿದಿತ್ತು. ಇರಬೇಕಾದದ್ದಕ್ಕಿಂತ 499 ಕಡಿಮೆ! ಕೇಹಿಲ್ ಅವರದಂತೂ 800 ಕಡಿಮೆ.

ಐನೂರು ಕ್ಯಾಲೊರಿ ಎಂದರೆ ಹೆಚ್ಚುಕಡಿಮೆ ಹೋಟೆಲಿನ ಒಂದು ಮಸಾಲೆ ದೋಸೆ, ಒಂದು ಕಾಫಿ. ಪಕ್ಕದ ಮೇಜಿನಲ್ಲಿ ಕುಳಿತ, ನಿಮ್ಮಷ್ಟೇ ತೂಗುವ ಗೆಳೆಯ ದಿನವೂ ಅದನ್ನು ತಿಂದು ಹಾಗೆಯೇ ಇರುತ್ತಾನೆ. ನೀವು ತಿಂದರೆ ಬೆಲ್ಟಿನ ರಂಧ್ರ ಬದಲಾಗುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನವೂ ಹೀಗೆ.

ಹಸಿವಿನ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಕೊಬ್ಬಿನ ಕೋಶಗಳು ‘ಇಲ್ಲಿ ದಾಸ್ತಾನು ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸಲು ಲೆಪ್ಟಿನ್ ಎಂಬ ಹಾರ್ಮೋನ್ ಕಳಿಸುತ್ತವೆ. ಸ್ಪರ್ಧಿಗಳಲ್ಲಿ ಇದರ ಮಟ್ಟ ಆರಂಭದಲ್ಲಿ 41 ಇದ್ದದ್ದು ಅಂತಿಮ ಸುತ್ತಿನ ಹೊತ್ತಿಗೆ 2.6ಕ್ಕೆ ಕುಸಿದಿತ್ತು. ದೀಪಗಳ ಬೆಳಕಿನಲ್ಲಿ ಕೈ ಎತ್ತಿ ನಗುತ್ತಿದ್ದವರ ಮಿದುಳಿಗೆ ಒಳಗಿನಿಂದ ಬರುತ್ತಿದ್ದದ್ದು ಬರಗಾಲದ ಸುದ್ದಿ. ಆರು ವರ್ಷದ ನಂತರವೂ ಅದು ಹಳೆಯ ಮಟ್ಟಕ್ಕೆ ಏರಿರಲಿಲ್ಲ; ಸುಮಾರು 28ರಲ್ಲಿ ನಿಂತಿತ್ತು.

ಪತ್ರಿಕೆಗಳು ಓದಿದ್ದು, ಓದದೇ ಬಿಟ್ಟಿದ್ದು

ನ್ಯೂಯಾರ್ಕ್ ಟೈಮ್ಸ್ ಇದನ್ನು ದೊಡ್ಡದಾಗಿ ಪ್ರಕಟಿಸಿತು, ಜಗತ್ತಿನ ಉಳಿದ ಪತ್ರಿಕೆಗಳು ಎತ್ತಿಕೊಂಡವು. ಕೇಹಿಲ್ ಅಂಥವರಿಗೆ ದೊಡ್ಡ ನಿರಾಳ. ತಮ್ಮ ಆಲಸ್ಯದಿಂದಲೇ ಹೀಗಾಯಿತೆಂದು ವರ್ಷಗಟ್ಟಲೆ ಕುಗ್ಗಿಹೋಗಿದ್ದವರಿಗೆ, ಇದು ಚಾರಿತ್ರ್ಯದ ದೋಷವಲ್ಲ, ಶರೀರದ ಪ್ರತಿಕ್ರಿಯೆ ಎಂದು ಅಂಕಿಗಳೇ ಹೇಳಿದವು. ಇದು ಆಗಬೇಕಾಗಿದ್ದ ನ್ಯಾಯ. ನಮ್ಮಲ್ಲೂ ದಪ್ಪಗಿರುವವರನ್ನು ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂರಿಸಿಕೊಂಡು ಬುದ್ಧಿ ಹೇಳುವ ಹಿರಿಯರಿಗೆ ಕೊರತೆಯಿಲ್ಲ. ಹಾಗೆ ಹೇಳುತ್ತಲೇ ಇನ್ನೊಂದು ಹೋಳಿಗೆ ಬಡಿಸುವವರೂ ಅವರೇ.

ಆದರೆ ಸುದ್ದಿ ಒಂದು ಬಾಯಿಂದ ಇನ್ನೊಂದಕ್ಕೆ ದಾಟುವಾಗ ಸೊಟ್ಟಗಾಯಿತು. ‘ವೇಗವಾಗಿ ತೂಕ ಇಳಿಸಿದರೆ ಮೆಟಬಾಲಿಸಂ (ದೇಹ ಕ್ಯಾಲೊರಿ ಉರಿಸುವ ವೇಗ) ಕೆಟ್ಟುಹೋಗುತ್ತದೆ, ಕೆಟ್ಟ ಮೆಟಬಾಲಿಸಂನಿಂದ ತೂಕ ಮರಳುತ್ತದೆ’ ಎಂಬುದು ಜಿಮ್‌ಗಳ ಗಾದೆಯೇ ಆಯಿತು. ಇದರ ಬೆನ್ನಿಗೆ ‘ಹಾಗಾದರೆ ಇಳಿಸಿ ಏನು ಪ್ರಯೋಜನ’ ಎಂಬ ವೈರಾಗ್ಯ. ಪ್ರಬಂಧವನ್ನು ಓದಿದರೆ ಎರಡಕ್ಕೂ ಆಧಾರವಿಲ್ಲ.

ಮೊದಲನೆಯದನ್ನು ನೋಡೋಣ. ನಿಧಾನಗೊಂಡ ಮೆಟಬಾಲಿಸಂ ತೂಕ ಮರಳಲು ಕಾರಣವಾಗಿದ್ದರೆ, ಸ್ಪರ್ಧೆಯ ಕೊನೆಯಲ್ಲಿ ಯಾರದು ಹೆಚ್ಚು ನಿಧಾನವಾಗಿತ್ತೋ ಅವರದೇ ತೂಕ ಹೆಚ್ಚು ಮರಳಬೇಕಿತ್ತು. ಹಾಗಾಗಲಿಲ್ಲ, ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಆರು ವರ್ಷದ ಅಳತೆಯಲ್ಲಿ ಸಂಬಂಧ ಕಂಡಿತು, ಆದರೆ ತಲೆಕೆಳಗಾಗಿ: ಯಾರು ಹೆಚ್ಚು ತೂಕವನ್ನು ದೂರ ಇಟ್ಟಿದ್ದರೋ ಅವರ ಮೆಟಬಾಲಿಸಂ ಹೆಚ್ಚು ತಗ್ಗಿತ್ತು. ಮತ್ತೆ ದಪ್ಪಗಾದವರದು ಅಷ್ಟಾಗಿ ತಗ್ಗಿರಲಿಲ್ಲ. ಬಿಲ್ಲಿನ ಹೆದೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಎಳೆದಷ್ಟೂ ಅದು ನಿಮ್ಮ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಹೆಚ್ಚು ಜಗ್ಗುತ್ತಿದೆ ಎಂದರೆ ನೀವಿನ್ನೂ ಬಿಟ್ಟಿಲ್ಲ ಎಂದೇ ಅರ್ಥ. ತಗ್ಗಿದ ಮೆಟಬಾಲಿಸಂ ಸೋತವರ ಗುರುತಲ್ಲ, ಹಿಡಿದು ನಿಂತವರು ದಿನವೂ ತೆರುತ್ತಿರುವ ಸುಂಕ.

ಎರಡನೆಯದು, ಆ ವೈರಾಗ್ಯದ ಮಾತು. ಪತ್ರಿಕೆಗಳು ಬಹುತೇಕ ಬಿಟ್ಟುಬಿಟ್ಟ ಅಂಕಿಯೊಂದು ಪ್ರಬಂಧದಲ್ಲೇ ಇದೆ. ಇಷ್ಟೆಲ್ಲ ಮರಳಿದ ಮೇಲೂ ಹದಿನಾಲ್ವರಲ್ಲಿ ಎಂಟು ಮಂದಿ ತಮ್ಮ ಮೂಲ ತೂಕಕ್ಕಿಂತ ಶೇ 10ಕ್ಕೂ ಹೆಚ್ಚು ಕೆಳಗೇ ಇದ್ದರು. ಸಾಮಾನ್ಯ ಚಿಕಿತ್ಸೆಗಳ ಜೊತೆ ಹೋಲಿಸಿದರೆ ಇದು ಒಳ್ಳೆಯ ಅಂಕ. ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದ ಲುಕ್ ಅಹೆಡ್ ಎಂಬ ದೊಡ್ಡ ಪ್ರಯೋಗದಲ್ಲಿ, ವರ್ಷಗಟ್ಟಲೆ ಸಲಹೆ, ಸಭೆ, ವ್ಯಾಯಾಮದ ನೆರವು ಪಡೆದ ಗುಂಪು ಮೊದಲ ವರ್ಷ ಶೇ 8.6ರಷ್ಟು ತೂಕ ಇಳಿಸಿ, ಎಂಟನೇ ವರ್ಷದ ಹೊತ್ತಿಗೆ ಶೇ 4.7ರಲ್ಲಿ ನಿಂತಿತ್ತು. ಸ್ಪರ್ಧಿಗಳು ಸೋತವರಂತೆ ಕಂಡದ್ದು ಅವರನ್ನು ಅಂತಿಮ ಸುತ್ತಿನ ಆ ಒಂದು ರಾತ್ರಿಯ ತೂಕದ ಪಕ್ಕದಲ್ಲಿ ನಿಲ್ಲಿಸಿದ್ದರಿಂದ. ಆ ರಾತ್ರಿಯ ತೂಕಕ್ಕಾಗಿ ನೀರನ್ನೂ ಬಿಟ್ಟು ದೇಹ ಒಣಗಿಸಿಕೊಂಡಿದ್ದಾಗಿ ಮೊದಲ ಆವೃತ್ತಿಯ ವಿಜೇತರೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಅಂಥ ಅಂಕಿಯನ್ನು ಯಾರ ಆರೋಗ್ಯಕ್ಕೂ ಅಳತೆಗೋಲು ಮಾಡಬಾರದು.

ಹಿಡಿದು ನಿಂತವರು ಮಾಡಿದ್ದೇನು?

ಈ ಪ್ರಶ್ನೆಗೆ ಉತ್ತರ 2017ರ ಇನ್ನೊಂದು ಪ್ರಬಂಧದಲ್ಲಿದೆ. ಅದರ ಮೊದಲ ಲೇಖಕಿ ವೈದ್ಯೆ ಜೆನಿಫರ್ ಕರ್ನ್ಸ್, ಅದೇ ಕಾರ್ಯಕ್ರಮದ ಮೂರನೇ ಆವೃತ್ತಿಯಲ್ಲಿ ಸ್ವತಃ ಸ್ಪರ್ಧಿಯಾಗಿದ್ದವರು. ತೂಕದ ಯಂತ್ರದ ಮೇಲೆ ನಿಂತು ಬಂದವರೇ ಅಳೆಯುವವರ ಕಡೆಗೆ ದಾಟಿ ಬರೆದದ್ದು ಎಂಬುದು ನನಗೆ ಈ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ಸಂಗತಿ.

ಹದಿನಾಲ್ವರನ್ನು ಅವರು ಎರಡು ಪಾಲು ಮಾಡಿದರು. ಮೇಲಿನ ಏಳು ಮಂದಿ ಆರು ವರ್ಷದ ಮೇಲೂ ಮೂಲ ತೂಕಕ್ಕಿಂತ ಸರಾಸರಿ ಶೇ 25ರಷ್ಟು ಕೆಳಗಿದ್ದರು. ಉಳಿದ ಏಳು ಮಂದಿ ಮೂಲ ತೂಕವನ್ನೂ ಶೇ 1ರಷ್ಟು ದಾಟಿದ್ದರು. ಇವರು ತಿನ್ನುವುದರಲ್ಲಿ ವ್ಯತ್ಯಾಸವಿತ್ತೇ? ಅಷ್ಟಾಗಿ ಇಲ್ಲ, ಎರಡೂ ಗುಂಪು ಮೊದಲಿಗಿಂತ ಕೊಂಚ ಕಡಿಮೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಡಿಮೆ, ತಿನ್ನುತ್ತಿತ್ತು. ವ್ಯತ್ಯಾಸವಿದ್ದದ್ದು ಓಡಾಟದಲ್ಲಿ. ತೂಕ ಕಾಯ್ದುಕೊಂಡವರ ದೈಹಿಕ ಚಟುವಟಿಕೆ ಸ್ಪರ್ಧೆಗೆ ಮೊದಲಿದ್ದದ್ದಕ್ಕಿಂತ ಶೇ 160ರಷ್ಟು ಹೆಚ್ಚಿತ್ತು. ಕಾಯ್ದುಕೊಳ್ಳಲಾಗದವರದು ಶೇ 34 ಮಾತ್ರ. ಪ್ರಬಂಧದ ಲೆಕ್ಕದಲ್ಲಿ ಕಾಯ್ದುಕೊಂಡವರ ಆ ಹೆಚ್ಚಳ ದಿನಕ್ಕೆ ಸುಮಾರು 80 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ, ಇಲ್ಲವೇ 35 ನಿಮಿಷದ ಏದುಸಿರು ಬರಿಸುವ ವ್ಯಾಯಾಮ.

ಇಲ್ಲೊಂದು ತಿರುವಿದೆ. ತೂಕ ಇಳಿಸುವ ಘಟ್ಟದಲ್ಲಿ ಮುಖ್ಯ ಪಾತ್ರ ಊಟದ್ದು. ಹಾಲ್ ತಮ್ಮ ಸಮೀಕರಣದಿಂದ ಎರಡನ್ನೂ ಬೇರ್ಪಡಿಸಿ ನೋಡಿದಾಗ ಬರೀ ಊಟ ತಗ್ಗಿಸಿದ್ದರೆ ಬರೀ ವ್ಯಾಯಾಮ ಮಾಡಿದ್ದಕ್ಕಿಂತ ಹೆಚ್ಚು ತೂಕ ಇಳಿಯುತ್ತಿತ್ತು ಎಂದು ಬಂತು, ಆದರೆ ಅದರಲ್ಲಿ ಮಾಂಸಖಂಡದ ಪಾಲೂ ಗಣನೀಯ; ವ್ಯಾಯಾಮದಿಂದ ಇಳಿದದ್ದು ಬಹುತೇಕ ಕೊಬ್ಬೇ. ಇಳಿದಲ್ಲಿ ನಿಲ್ಲುವ ಘಟ್ಟಕ್ಕೆ ಬಂದಾಗ ಪಾತ್ರಗಳು ಅದಲುಬದಲಾಗಿ, ಓಡಾಟ ಮುಂದೆ ಬಂತು. ಇಳಿಸುವ ಕೆಲಸಕ್ಕೆ ಒಂದು ಆಯುಧ, ನಿಲ್ಲುವ ಕೆಲಸಕ್ಕೆ ಇನ್ನೊಂದು. ಜಿಮ್‌ಗೆ ಸೇರಿದ ಮೂರು ತಿಂಗಳಲ್ಲಿ ತೂಕ ಇಳಿಯಲಿಲ್ಲವೆಂದು ವ್ಯಾಯಾಮವನ್ನೇ ಬಿಡುವವರು, ಮತ್ತು ಊಟ ಬಿಗಿಹಿಡಿದು ಇಳಿಸಿದ ಮೇಲೆ ವ್ಯಾಯಾಮ ಏಕೆ ಎನ್ನುವವರು, ಇಬ್ಬರೂ ಎಡವುವುದು ಇಲ್ಲೇ.

ಹಾಲ್ ಅವರ ಅದೇ ಸಮೀಕರಣ 2013ರಲ್ಲಿ ಒಂದು ಭವಿಷ್ಯವನ್ನೂ ನುಡಿದಿತ್ತು: ದಿನಕ್ಕೆ 20 ನಿಮಿಷ ಏದುಸಿರಿನ ವ್ಯಾಯಾಮ ಮಾಡಿ, ಊಟದಲ್ಲಿ ಶೇ 20ರಷ್ಟು ಕಡಿತ ಉಳಿಸಿಕೊಂಡರೆ ಸಾಕು, ಇಳಿದ ತೂಕ ಇಳಿದಲ್ಲೇ ನಿಲ್ಲುತ್ತದೆ. ಕಾಗದದ ಮೇಲೆ ಎಷ್ಟು ಹಗುರ! ವಾಸ್ತವದಲ್ಲಿ ಹಿಡಿದು ನಿಂತವರು ಊಟದಲ್ಲಿ ಅದರ ಅರ್ಧದಷ್ಟನ್ನೂ ಕಡಿತ ಮಾಡಿರಲಿಲ್ಲ, ವ್ಯಾಯಾಮವನ್ನು ಅದಕ್ಕಿಂತ ಬಹಳ ಹೆಚ್ಚು ಮಾಡಿದ್ದರು. ಮನುಷ್ಯರಿಗೆ ದಿನವೂ ಹಸಿದು ಏಳುವುದಕ್ಕಿಂತ ದಿನವೂ ಬೆವರುವುದೇ ಮೇಲು ಎನಿಸುತ್ತದೆಯೋ ಏನೋ. ಲೆಪ್ಟಿನ್‌ನ ಅಂಕಿ ನೋಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

2022ರಲ್ಲಿ ಹಾಲ್ ತಮ್ಮದೇ ಅಧ್ಯಯನವನ್ನು ಮರಳಿ ಓದಿ ಹೊಸ ವ್ಯಾಖ್ಯಾನ ಬರೆದರು. ಓಡಾಟ ಅತಿಯಾಗಿ ಹೆಚ್ಚಿದಾಗ ದೇಹ ಬೇರೆ ಕಡೆಯ ಖರ್ಚನ್ನು ಮೊಟಕು ಮಾಡಿ ಒಟ್ಟು ಖರ್ಚನ್ನು ಒಂದು ಮಿತಿಯೊಳಗೆ ಇಡಲು ನೋಡುತ್ತದೆ ಎಂಬ ವಾದವೊಂದಿದೆ. ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಸರ್ ಅದರ ಪ್ರಮುಖ ಪ್ರತಿಪಾದಕರು. ಸ್ಪರ್ಧಿಗಳಲ್ಲಿ ಹೆಚ್ಚು ಓಡಾಡುತ್ತಿದ್ದವರ ಮಲಗಿದ ಹೊತ್ತಿನ ಖರ್ಚೇ ಹೆಚ್ಚು ತಗ್ಗಿದ್ದರಿಂದ, ತಾವು ಹಸಿವಿನ ಪರಿಣಾಮವೆಂದುಕೊಂಡದ್ದು ಬಹುಶಃ ದೊಡ್ಡ ಮಟ್ಟಿಗೆ ವ್ಯಾಯಾಮಕ್ಕೆ ದೇಹ ಕೊಟ್ಟ ಉತ್ತರವಿರಬಹುದು ಎಂದು ಹಾಲ್ ಹೇಳಿದರು. ಬಿಸಿಬಿಸಿ ಸುದ್ದಿಯಾದ ಸಂಶೋಧನೆಯನ್ನು ಮಾಡಿದವರೇ ಆರು ವರ್ಷದ ಮೇಲೆ ಹೀಗೆ ತಿದ್ದಿ ಓದಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ.

ಮಾಂಸಖಂಡದ ಮಾತು, ಸೂಜಿಯ ಮಾತು

ಜಿಮ್‌ಗಳಲ್ಲಿ ಕೇಳಿಬರುವ ಇನ್ನೊಂದು ಭರವಸೆ: ಭಾರ ಎತ್ತಿ ಮಾಂಸಖಂಡ ಉಳಿಸಿಕೊಂಡರೆ ಮೆಟಬಾಲಿಸಂ ಬೀಳುವುದಿಲ್ಲ. ಈ ಪ್ರಕರಣ ಅದನ್ನೂ ಪರೀಕ್ಷೆಗೆ ಒಡ್ಡಿದೆ. ಸ್ಪರ್ಧಿಗಳನ್ನು, ಸರಿಸುಮಾರು ಅಷ್ಟೇ ತೂಕ ಇಳಿಸಿದ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆಯ ರೋಗಿಗಳೊಡನೆ ಹೋಲಿಸಿದಾಗ, ಶಸ್ತ್ರಚಿಕಿತ್ಸೆಯವರು ಕಳೆದುಕೊಂಡ ತೂಕದಲ್ಲಿ ಕೊಬ್ಬಲ್ಲದ ಭಾಗ ಸುಮಾರು ಶೇ 30, ಸ್ಪರ್ಧಿಗಳಲ್ಲಿ ಶೇ 16 ಮಾತ್ರ. ಅಂದರೆ ವ್ಯಾಯಾಮ ಮಾಂಸಖಂಡವನ್ನು ಚೆನ್ನಾಗಿಯೇ ಕಾಪಾಡಿತ್ತು. ಆದರೂ ಮೆಟಬಾಲಿಸಂ ಹೆಚ್ಚು ಬಿದ್ದದ್ದು ಸ್ಪರ್ಧಿಗಳದ್ದೇ. ಭಾರ ಎತ್ತಲು ನೂರು ಒಳ್ಳೆಯ ಕಾರಣಗಳಿವೆ: ಮೂಳೆ, ಕೀಲು, ಸಕ್ಕರೆಯ ಹಿಡಿತ, ಎಪ್ಪತ್ತರ ವಯಸ್ಸಿನಲ್ಲಿ ಕುರ್ಚಿಯಿಂದ ತಾನೇ ಏಳುವ ಶಕ್ತಿ. ಮಲಗಿದಾಗಲೂ ಕೊಬ್ಬು ಕರಗುತ್ತದೆ ಎಂಬುದು ಆ ನೂರರಲ್ಲಿ ಸೇರುವುದಿಲ್ಲ.

ಈಗ ಸೂಜಿಯ ಕಾಲ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಔಷಧಿಗಳು 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದಾಗಿ ಭಾರತಕ್ಕೂ ಬಂದಿವೆ. ಅವು ಕೈ ಹಾಕುವುದು ನೇರವಾಗಿ ಹಸಿವಿಗೆ, ಅಂದರೆ ಸ್ಪರ್ಧಿಗಳನ್ನು ಮಣಿಸಿದ ಜಾಗಕ್ಕೇ. ಆದ್ದರಿಂದ ಅವುಗಳನ್ನು ‘ಸೋಮಾರಿಗಳ ದಾರಿ’ ಎಂದು ಹೀಯಾಳಿಸುವವರ ಜೊತೆ ನಾನಿಲ್ಲ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರನೇ ಎರಡರಷ್ಟು ಮರಳಿತ್ತು. ಸಾಧನ ಬದಲಾದರೂ ಹೆದೆಯ ಗುಣ ಬದಲಾಗಿಲ್ಲ.

ಕೇಹಿಲ್ ವಿಷಯಕ್ಕೆ ಬಂದರೆ, ಗೆದ್ದ ನಂತರ ಕೆಲವು ವರ್ಷ ಅವರು ದಿನಕ್ಕೆ ಎರಡು ಮೂರು ಗಂಟೆ ವ್ಯಾಯಾಮ ಮಾಡುತ್ತ ತೂಕವನ್ನು 255 ಪೌಂಡ್‌ನ ಒಳಗೆ ಹಿಡಿದಿಟ್ಟಿದ್ದರು. ಮತ್ತೆ ಭೂಮಾಪನದ ಕೆಲಸಕ್ಕೆ ಸೇರಿದರು. ಗಂಟೆಗಳು ಕೈಬಿಟ್ಟವು, ತೂಕ ಏರಿತು. ಅವರ ಇಚ್ಛಾಶಕ್ತಿಯನ್ನು ಪ್ರಶ್ನಿಸುವವರು ಆ ‘ಕೆಲವು ವರ್ಷ’ವನ್ನು ಒಮ್ಮೆ ಗಮನಿಸಬೇಕು. ಹೆಂಡತಿ ಮಕ್ಕಳಿರುವ, ದುಡಿದು ತಿನ್ನಬೇಕಾದ ಒಬ್ಬ ಮನುಷ್ಯ ಅಷ್ಟು ಕಾಲ ದಿನದ ಮೂರು ಗಂಟೆಯನ್ನು ಹೆದೆ ಹಿಡಿದು ನಿಲ್ಲುವುದಕ್ಕೆ ಕೊಟ್ಟಿದ್ದರು.

ಈ ಪ್ರಕರಣಕ್ಕೆ ಮಿತಿಗಳಿವೆ ಎಂಬುದನ್ನೂ ಹೇಳಬೇಕು. ಹದಿನಾಲ್ಕು ಮಂದಿ ಬಹಳ ಸಣ್ಣ ಗುಂಪು. ಸ್ಪರ್ಧೆಗೆ ಹೋಗದ, ಅಷ್ಟೇ ದಪ್ಪಗಿದ್ದ ಇನ್ನೊಂದು ಗುಂಪನ್ನು ಜೊತೆಜೊತೆಗೆ ಆರು ವರ್ಷ ಅಳೆದಿಲ್ಲ. ಆರಂಭದಲ್ಲಿ ಅವರ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ) ಸರಾಸರಿ 49ಕ್ಕಿಂತ ಮೇಲಿತ್ತು. ನಮ್ಮ ಓದುಗರಲ್ಲಿ ಹೆಚ್ಚಿನವರ ಚಿಂತೆ ಅಷ್ಟು ದೊಡ್ಡದಲ್ಲ. ಭಾರತೀಯರಿಗೆ ತಜ್ಞರು 2009ರಲ್ಲಿ ಹಾಕಿದ ಗೆರೆ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು. ಕೈಕಾಲು ಸಣಕಲಾಗಿದ್ದೂ ಹೊಟ್ಟೆಯಲ್ಲಿ ಕೊಬ್ಬು ಹೊತ್ತಿರುವುದು ನಮ್ಮ ಮೈಯ ರೂಢಿಯಾದ್ದರಿಂದ ಈ ಗೆರೆ ಕೆಳಗಿದೆ. ಆರೇಳು ಕಿಲೊ ಇಳಿಸಬೇಕಾದವರಿಗೆ ಕೇಹಿಲ್ ಅವರ 800 ಕ್ಯಾಲೊರಿಯ ಅಂಕಿ ತೋರಿಸಿ ಹೆದರಿಸುವುದು ಸರಿಯಲ್ಲ.

ನಮಗೆ ಹತ್ತಿರದ ಸಾಕ್ಷ್ಯ ಬೇಕೆಂದರೆ ಚೆನ್ನೈ ಕಡೆ ನೋಡಬೇಕು. ಮಧುಮೇಹ ತಜ್ಞ ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಹೇಳಿದ್ದು ಇಷ್ಟೇ: ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ, ಸಕ್ಕರೆ, ಮೈದಾದಂಥವು ಮತ್ತು ಎಣ್ಣೆ ತುಪ್ಪ ತಗ್ಗಿಸಿ. ತೋಟದ ಮನೆಯಿಲ್ಲ, ಬಹುಮಾನವಿಲ್ಲ, ಕ್ಯಾಮೆರಾ ಇಲ್ಲ. ಆ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಲಿಲ್ಲ. ಆದರೆ ಯಾವ ನೆರವೂ ಇಲ್ಲದ ಗುಂಪಿನಲ್ಲಿ ಶೇ 55 ಮಂದಿ ಮಧುಮೇಹಿಗಳಾದಾಗ, ನಡೆದವರ ಗುಂಪಿನಲ್ಲಿ ಹಾಗಾದವರು ಶೇ 39.